ಟುಟು ಬಿಚ್ಚಿಕೊಂಡು ಕೂತಿದ್ದೇನೆ: ಎರಡನೇ ಮಹಾಯುದ್ಧ ಮುಗಿದ ಮೇಲಿನ ಬ್ಯಾಲೆ ಬಟ್ಟೆಗಳ ಬಗ್ಗೆ ಗೊತ್ತಿದ್ದವರು ಬನ್ನಿ

ಸೂಜಿದಾರ
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಭರತನಾಟ್ಯದ ಡ್ರೆಸ್ ಹೊಲಿಯುತ್ತೇನೆ. ರಂಗಪ್ರವೇಶದ ಸೀಸನ್ ಬಂತೆಂದರೆ ಮುಂದಿನ ಬೀಸಣಿಗೆಗೆ ನೆರಿಗೆ ಹಿಡಿಯುವುದರಲ್ಲೇ ದಿನ ಕಳೆಯುತ್ತದೆ. ಹೋದ ವಾರ ಇಂಗ್ಲೆಂಡಿನಿಂದ ರಜೆಗೆ ಬಂದ ಅಕ್ಕನ ಮಗಳು ಒಂದು ಬ್ಯಾಲೆ ಟುಟು (ಬ್ಯಾಲೆ ಕುಣಿಯುವ ಹುಡುಗಿಯರು ತೊಡುವ ನೆಟ್ ಲಂಗ) ತಂದು ಮೇಜಿನ ಮೇಲಿಟ್ಟು, “ಚಿಕ್ಕಮ್ಮ, ಇದರ ನೆಟ್ ಕಿತ್ತು ಬಂದಿದೆ, ನಿನ್ನ ಕೈಲಿ ಆಗುತ್ತಾ?” ಅಂದಳು. ಆಗುತ್ತೆ ಅಂದುಬಿಟ್ಟೆ. ಬಾಯಿ ಸುಮ್ಮನಿರಬೇಕಲ್ಲ.

ಬಿಚ್ಚಿ ನೋಡಿದರೆ ಅದು ಲಂಗವೇ ಅಲ್ಲ. ಒಂದು ಚಡ್ಡಿ, ಅದರ ಸುತ್ತ ಸಾಲುಸಾಲಾಗಿ ನೆಟ್ ಪಟ್ಟಿಗಳು. ಎಲ್ಲಕ್ಕಿಂತ ಕೆಳಗಿನದು ತೀರಾ ಗಿಡ್ಡ, ಮೇಲಕ್ಕೆ ಬಂದ ಹಾಗೆ ಒಂದೊಂದೂ ಸ್ವಲ್ಪ ಸ್ವಲ್ಪ ಉದ್ದ. ಎಣಿಸಿದೆ, ಏಳು. ಪದರಗಳನ್ನು ಅಲ್ಲಲ್ಲಿ ಸಡಿಲವಾದ ಕಚ್ಚಾ ಹೊಲಿಗೆಯಲ್ಲಿ ಹಿಡಿಸಿದ್ದಾರೆ. ಬೆನ್ನಿಗೆ ಜಿಪ್ ಇಲ್ಲ, ನಮ್ಮ ಬ್ಲೌಸಿನ ಹಾಗೆ ಹುಕ್ಕು, ಅದೂ ಎರಡು ಸಾಲು. ಹಳೇ ಫೋಟೋಗಳಲ್ಲಿ ತಟ್ಟೆಯ ಹಾಗೆ ಅಡ್ಡಡ್ಡ ನಿಂತಿರುತ್ತದಲ್ಲ, ಒಳಗೆ ತಂತಿ ಇರಬೇಕು ಅಂದುಕೊಂಡಿದ್ದೆ. ಇದರಲ್ಲಿ ತಂತಿಯೇ ಇಲ್ಲ!

“ಇದು ಅಮೆರಿಕದ ಕಟ್, ಯುದ್ಧ ಆದಮೇಲೆ ಬಂದದ್ದು” ಅಂದಳು ಹುಡುಗಿ. ಹೆಚ್ಚು ಕೇಳಿದರೆ ಫೋನ್ ನೋಡುತ್ತಾಳೆ. ನಾವೆಲ್ಲ ಹಾಕುವ ಆ ಚಪ್ಪಟೆ ಬ್ಯಾಲೆ ಶೂ ಕೂಡ ಯುದ್ಧದ ರೇಷನ್ನಿನಿಂದ ಬಂದದ್ದಂತೆ. ಹೌದಾ? ಯುದ್ಧಕ್ಕೂ ಕುಣಿಯುವವರ ಬಟ್ಟೆಗೂ ಏನು ಸಂಬಂಧ, ಯಾರಾದರೂ ಬಿಡಿಸಿ ಹೇಳಿ.

ಹಳೇಪೇಟೆ ಮೇಷ್ಟ್ರು
ನಿಮ್ಮ ಮೇಜಿನ ಮೇಲಿರುವುದು ಬಹುಶಃ ‘ಪೌಡರ್ ಪಫ್’ ಟುಟು. ಮುಖಕ್ಕೆ ಪೌಡರ್ ಹಚ್ಚುವ ಪಫ್ ಇದೆಯಲ್ಲ, ಅದರ ಹೆಸರೇ. ಅದನ್ನು ರೂಪಿಸಿದಾಕೆ ಬಾರ್ಬರಾ ಕರಿನ್ಸ್ಕಾ. ಹುಟ್ಟಿದ್ದು 1886ರಲ್ಲಿ ಖಾರ್ಕಿವ್‌ನಲ್ಲಿ. ಕ್ರಾಂತಿಯ ನಂತರ ರಷ್ಯಾ ಬಿಟ್ಟು ಪ್ಯಾರಿಸ್, ಅಲ್ಲಿಂದ ಲಂಡನ್, ಕೊನೆಗೆ ನ್ಯೂಯಾರ್ಕ್ ಸೇರಿದರು. ಮುಂದೆ ನ್ಯೂಯಾರ್ಕ್ ಸಿಟಿ ಬ್ಯಾಲೆ ಕಂಪನಿಯ ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್‌ಗೆ ದಶಕಗಳ ಕಾಲ ಉಡುಪು ಹೊಲಿದುಕೊಟ್ಟವರು ಇವರೇ.

ಬ್ಯಾಲಂಚೀನ್ 1947ರಲ್ಲಿ ಪ್ಯಾರಿಸ್ ಆಪೆರಾಕ್ಕೆ ಒಂದು ಬ್ಯಾಲೆ ಮಾಡಿದ್ದರು. ಅದೇ ಮರುವರ್ಷ ‘ಸಿಂಫನಿ ಇನ್ ಸಿ’ ಎಂಬ ಹೆಸರಲ್ಲಿ ನ್ಯೂಯಾರ್ಕಿಗೆ ಬಂತು. ಕೊನೆಯ ಭಾಗದಲ್ಲಿ ವೇದಿಕೆ ತುಂಬ ಹುಡುಗಿಯರು. ಎಲ್ಲರಿಗೂ ತಂತಿಯ ತಟ್ಟೆ ಕಟ್ಟಿ ನಿಲ್ಲಿಸಿ ನೋಡಿ: ಒಬ್ಬಳ ತಟ್ಟೆ ಇನ್ನೊಬ್ಬಳದಕ್ಕೆ ತಗುಲಿದ ಕೂಡಲೇ ಇತ್ತ ತಗ್ಗಿ ಅತ್ತ ಎದ್ದು ಕುಣಿಯುತ್ತದೆ. ಜೊತೆಗಾರ ಸೊಂಟ ಹಿಡಿಯಲು ಹತ್ತಿರ ಬಂದರೂ ಅದೇ ಗತಿ. ಕರಿನ್ಸ್ಕಾ 1950ರಲ್ಲಿ ಆ ಬ್ಯಾಲೆಗೆ ಹೊಸ ಟುಟು ಮಾಡುವಾಗ ತಂತಿಯನ್ನೇ ತೆಗೆದುಬಿಟ್ಟರು. ಆರೋ ಏಳೋ ಪದರ ನೆಟ್, ಗಿಡ್ಡದು, ಒಂದು ಇನ್ನೊಂದನ್ನು ಕೆಳಗಿನಿಂದ ಎತ್ತಿ ಹಿಡಿಯುವ ಹಾಗೆ. ನೀವು ನೋಡಿದ ಸಡಿಲ ಹೊಲಿಗೆ ಅಲಕ್ಷ್ಯದ್ದಲ್ಲ, ಪದರಗಳು ಒಂದಕ್ಕೊಂದು ಅಂಟದೆ ಉಬ್ಬಿ ನಿಲ್ಲಲಿ ಅಂತಲೇ ಹಾಗೆ ಬಿಡುವುದು. ತಗುಲಿದರೂ ಅಷ್ಟು ಭಾಗ ಮಾತ್ರ ಬಾಗುತ್ತದೆ, ಇಡೀ ಲಂಗ ಓಲಾಡುವುದಿಲ್ಲ.

ಸೂಜಿದಾರ
ಮೇಷ್ಟ್ರೇ, ಈಗ ಅರ್ಥವಾಯಿತು! ನಾನು ಆ ಸಡಿಲ ಹೊಲಿಗೆ ನೋಡಿ “ಯಾರೋ ಅವಸರದಲ್ಲಿ ಹೊಲಿದಿದ್ದಾರೆ” ಅಂತ ಗಟ್ಟಿ ಮಾಡಲು ಹೊರಟಿದ್ದೆ. ನಿಲ್ಲಿಸಿದೆ. ಮತ್ತೊಂದು ವಿಷಯ, ಎದೆಯ ಭಾಗದ ಪಟ್ಟಿಗಳಲ್ಲಿ ಕೆಲವನ್ನು ಕ್ರಾಸ್ ಕಟ್ ಮಾಡಿದ್ದಾರೆ. ಅದೂ ಅವರದೇ ಉಪಾಯವೇ?

ಹಳೇಪೇಟೆ ಮೇಷ್ಟ್ರು
ಹೌದು ತಾಯಿ, ಅದಕ್ಕೂ ಕರಿನ್ಸ್ಕಾ ಹೆಸರುವಾಸಿ. ಕ್ರಾಸ್ ಹಿಡಿದು ಕತ್ತರಿಸಿದ ಬಟ್ಟೆ ಎಳೆದಷ್ಟು ಬಿಟ್ಟುಕೊಡುತ್ತದೆ ಅನ್ನುವುದನ್ನು ನಿಮಗೆ ನಾನು ಹೇಳಬೇಕೇ? ಕುಣಿಯುವವಳು ಉಸಿರೆಳೆದಾಗ ಪಕ್ಕೆಲುಬು ಹಿಗ್ಗಲು ಜಾಗ ಬೇಕಲ್ಲ. ಹುಕ್ಕಿನ ಎರಡು ಸಾಲು ಮಾತ್ರ ಎಲ್ಲ ಕಂಪನಿಗಳಲ್ಲೂ ಇರುವ ರೂಢಿ. ಒಂದೇ ಟುಟುವನ್ನು ಇವತ್ತು ಒಬ್ಬಳು, ನಾಳೆ ಇನ್ನೊಬ್ಬಳು ತೊಡುತ್ತಾರೆ. ಜಿಪ್ ನಡುವೆ ಕೈಕೊಟ್ಟರೆ ಆಟ ಮುಗಿಯಿತು, ಒಂದು ಹುಕ್ಕು ಹೋದರೆ ಉಳಿದವು ಹಿಡಿದಿರುತ್ತವೆ.

ಕಿತ್ತೂರಿನಾಂವ
ಚೊಲೊ ಮಾಹಿತಿ ಕೊಟ್ರಿ. ಆದ್ರ ಅಕ್ಕಾರ ಕೇಳಿದ್ದು ಯುದ್ಧದ ಸುದ್ದಿ. ಅದಕ್ಕ ಯಾರೂ ಇನ್ನ ಬಂದಿಲ್ಲ ನೋಡ್ರಿ.

ಥೇಮ್ಸ್ ದಂಡೆ
ನಾನು ಬರುತ್ತೇನೆ. ಲಂಡನ್ನಿಗೆ ಬಂದು ಹದಿನಾರು ವರ್ಷವಾಯಿತು, ಇಲ್ಲಿನ ಮ್ಯೂಸಿಯಂಗಳಲ್ಲಿ ರಂಗದ ಉಡುಪು ನೋಡುತ್ತಾ ನಿಲ್ಲುವುದು ನನ್ನ ಹುಚ್ಚು.

ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಶುರುವಾದದ್ದು 1941ರ ಜೂನ್ 1ರಂದು. ಮೊದಲ ವರ್ಷ ತಲೆಗೆ 66 ಕೂಪನ್, ಆಮೇಲೆ ಅದನ್ನೂ ಇಳಿಸುತ್ತಾ ಹೋದರು. ಯುದ್ಧ 1945ಕ್ಕೆ ಮುಗಿದರೂ ಬಟ್ಟೆಯ ರೇಷನ್ ತೆಗೆದದ್ದು 1949ರ ಮಾರ್ಚಿನಲ್ಲಿ! ಬ್ಯಾಲೆ ಕಂಪನಿಗೆ ಬಟ್ಟೆ ಇಲ್ಲ, ಟೈಟ್ಸ್ ಇಲ್ಲ, ಶೂ ಇಲ್ಲ. ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ಬ್ಯಾಲೆ ಕಂಪನಿಯ ಪಾಡಂತೂ ಇನ್ನೂ ಕೆಟ್ಟದ್ದು. 1940ರ ಮೇ ತಿಂಗಳಲ್ಲಿ ಅವರು ಹಾಲೆಂಡಿನಲ್ಲಿ ಪ್ರವಾಸದಲ್ಲಿದ್ದರು, ಅಷ್ಟರಲ್ಲಿ ಜರ್ಮನ್ ಸೇನೆ ನುಗ್ಗಿತು. ಜೀವ ಉಳಿಸಿಕೊಂಡು ಓಡಿಬಂದರು. ಆರು ಬ್ಯಾಲೆಗಳ ಉಡುಪು, ಪರದೆ, ಸಂಗೀತದ ಹಾಳೆಗಳು ಎಲ್ಲವೂ ಅಲ್ಲೇ ಉಳಿದವು.

ಅಂಥ ಕಂಪನಿ 1946ರ ಫೆಬ್ರವರಿ 20ರಂದು ಕಾವೆಂಟ್ ಗಾರ್ಡನ್ನಿನ ರಾಯಲ್ ಆಪೆರಾ ಹೌಸನ್ನು ಮತ್ತೆ ತೆರೆಯಿತು. ಯುದ್ಧದ ಉದ್ದಕ್ಕೂ ಆ ಕಟ್ಟಡ ಸೈನಿಕರು, ಹುಡುಗಿಯರು ಕುಣಿಯುವ ಡಾನ್ಸ್ ಹಾಲ್ ಆಗಿತ್ತು. ಆ ರಾತ್ರಿ ‘ಸ್ಲೀಪಿಂಗ್ ಬ್ಯೂಟಿ’, ರಾಜಕುಮಾರಿಯಾಗಿ ಮಾರ್ಗೋ ಫಾಂಟೇನ್, ಸಭೆಯಲ್ಲಿ ರಾಜ ಆರನೇ ಜಾರ್ಜ್ ಕುಟುಂಬ. ಉಡುಪು, ರಂಗಸಜ್ಜಿಕೆ ಆಲಿವರ್ ಮೆಸೆಲ್ ಅವರದು. ಮೆಸೆಲ್ ಕೈಗೆ ಸಿಕ್ಕಿದ್ದರಲ್ಲಿ ಕಿರೀಟ ಕಟ್ಟುವ ಮನುಷ್ಯ. ಪೈಪ್ ಒರೆಸುವ ಕಡ್ಡಿ, ಮಿಠಾಯಿ ಸುತ್ತಿದ ಹೊಳೆಯುವ ಕಾಗದ, ಇಂಥವನ್ನು ದೂರದಿಂದ ಒಡವೆಯಾಗಿ ಕಾಣಿಸಿಬಿಡುತ್ತಿದ್ದರು. ಆರು ವರ್ಷ ಖಾಕಿ ನೋಡಿ ನೋಡಿ ಬೇಸತ್ತ ಜನ ಅಲ್ಲಿ ಅರಮನೆ ನೋಡಿದರು. ನನಗಂತೂ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಹೊಲಿಗೆ ಕೆಲಸ ಇನ್ನೊಂದಿಲ್ಲ.

ಮರುವರ್ಷ, 1947ರ ಫೆಬ್ರವರಿ 12ಕ್ಕೆ, ಪ್ಯಾರಿಸಿನಲ್ಲಿ ಫ್ಯಾಷನ್ ಡಿಸೈನರ್ ಕ್ರಿಸ್ಟಿಯನ್ ಡಿಯೋರ್ ‘ನ್ಯೂ ಲುಕ್’ ತಂದರು. ಹಿಡಿಸೊಂಟ, ಕೆಳಗೆ ಗಜಗಟ್ಟಲೆ ಬಟ್ಟೆಯ ಘೇರು. ನಮ್ಮ ಕೂಪನ್ ನಾಡಿನ ಮಂತ್ರಿಗಳು ಅಷ್ಟು ಬಟ್ಟೆ ದಂಡ ಅಂತ ಗೊಣಗಿದರು. ಆ ಆಕಾರವನ್ನು ಸ್ವಲ್ಪ ಗಮನಿಸಿ: 19ನೇ ಶತಮಾನದ ಬ್ಯಾಲೆರೀನಾ ತೊಡುತ್ತಿದ್ದ ಉದ್ದ ಟುಟುವಿನ ನೆರಳೇ ಅದು. ಫಾಂಟೇನ್ ಕೂಡ ಡಿಯೋರ್ ಅಂಗಡಿಯ ಗಿರಾಕಿಯಾದರು. ಬೀದಿಯ ಹೆಂಗಸು ಬ್ಯಾಲೆರೀನಾಳಂತೆ, ಬ್ಯಾಲೆರೀನಾ ಬೀದಿಯ ಸಿರಿವಂತೆಯಂತೆ ಕಾಣತೊಡಗಿದ ಕಾಲ ಅದು.

ರಬ್ಬರ್ ಚಪ್ಪಲಿ
ಶೂ ವಿಷಯ ನಂಗೆ ಬಿಡಿ ಮಾರಾಯ್ರೆ. ಚಪ್ಪಲಿ ಅಂಗಡಿಯವನ ಮಗ ನಾನು.

ಚಿಕ್ಕಮ್ಮನ ಅಕ್ಕನ ಮಗಳು ಹೇಳಿದ್ದು ನಿಜ. ಅಮೆರಿಕದಲ್ಲಿ 1943ರ ಫೆಬ್ರವರಿಯಿಂದ ಚರ್ಮದ ಶೂಗೆ ರೇಷನ್, ಒಬ್ಬರಿಗೆ ವರ್ಷಕ್ಕೆ ಮೂರೇ ಜೊತೆ. ಆದರೆ ಬ್ಯಾಲೆ ಚಪ್ಪಲಿಗೆ ರೇಷನ್ ಇರಲಿಲ್ಲ! ಕ್ಲೇರ್ ಮೆಕಾರ್ಡೆಲ್ ಅನ್ನೋ ಡಿಸೈನರ್‌ಗೆ ಇದು ಕಂಡಿತು. ಕಪೇಜಿಯೊ ಕಂಪನಿಗೆ ಹೋಗಿ, ನಿಮ್ಮ ಬ್ಯಾಲೆ ಚಪ್ಪಲಿಗೇ ಬೀದಿಯಲ್ಲಿ ನಡೆಯುವಂಥ ಅಟ್ಟೆ ಹಚ್ಚಿ ಕೊಡಿ, ನನ್ನ ಡ್ರೆಸ್‌ಗಳಿಗೆ ಹೊಂದುವ ಬಟ್ಟೆಯಲ್ಲೇ ಮಾಡಿ ಅಂದರು. ಕಪೇಜಿಯೊ ಅಂದರೆ ಹೊಸಬರಲ್ಲ. ಇಟಲಿಯಿಂದ ಬಂದ ಸಾಲ್ವಟೋರ್ ಕಪೇಜಿಯೊ 1887ರಲ್ಲಿ ನ್ಯೂಯಾರ್ಕಿನ ಹಳೇ ಮೆಟ್ರೊಪಾಲಿಟನ್ ಆಪೆರಾ ಹತ್ತಿರ ಶೂ ರಿಪೇರಿ ಅಂಗಡಿ ಇಟ್ಟವರು. ರಷ್ಯಾದ ಹೆಸರಾಂತ ಬ್ಯಾಲೆರೀನಾ ಅನ್ನಾ ಪಾವ್ಲೊವಾ ತನ್ನ ಇಡೀ ತಂಡಕ್ಕೆ ಅವರ ಹತ್ತಿರ ಶೂ ಕೊಂಡಿದ್ದರು. ರೇಷನ್ನಿನ ಸಂದಿಯಲ್ಲಿ ನುಸುಳಿ ಬಂದ ಚಪ್ಪಲಿ, ರೇಷನ್ ಹೋದ ಮೇಲೂ ಕಾಲು ಬಿಡಲಿಲ್ಲ.

ಪ್ಯಾರಿಸ್ ಕಥೆ ಬೇರೆ, ಅದು ಅಮ್ಮ ಮಗನ ಕಥೆ. ರೋಸ್ ರೆಪೆಟ್ಟೊ ಅನ್ನುವ ತಾಯಿ, ಮಗ ರೋಲಾಂ ಪೆಟಿ, ದೊಡ್ಡ ಡಾನ್ಸರ್. ಮಗನ ಕಾಲು ನೋವು ನೋಡಲಾರದೆ 1947ರಲ್ಲಿ ಆಪೆರಾ ಹತ್ತಿರದ ಸಣ್ಣ ಕೋಣೆಯಲ್ಲಿ ಶೂ ಹೊಲಿಯಲು ಕೂತರು. ಒಳಮೈ ಹೊರಗೆ ಮಾಡಿ ಹೊಲಿದು ಆಮೇಲೆ ತಿರುವಿ ಹಾಕೋದು, ನಾವು ದಿಂಬಿನ ಕವರ್ ಹೊಲಿಯೋ ಹಾಗೆ. ಹೊಲಿಗೆ ಒಳಗೆ ಹೋಗ್ತದೆ, ಶೂ ಮೆತ್ತಗಿರ್ತದೆ. 1956ರಲ್ಲಿ ಸಿನಿಮಾ ನಟಿ ಬ್ರಿಜಿಟ್ ಬಾರ್ಡೊ ಬಂದು, ಅಷ್ಟೇ ಹಗುರದ್ದು ಬೀದಿಗೆ ಹಾಕ್ಲಿಕ್ಕೆ ಬೇಕು ಅಂದರಂತೆ. ಆಕೆಯೂ ಬ್ಯಾಲೆ ಕಲಿತವಳೇ. ಹಾಗೆ ಹುಟ್ಟಿದ್ದು ‘ಸಾಂಡ್ರಿಯೋಂ’, ಅಂದರೆ ಸಿಂಡ್ರೆಲಾ, ಮಾಡೆಲ್. ಅದೇ ವರ್ಷದ ಸಿನಿಮಾದಲ್ಲಿ ಅದನ್ನೇ ಹಾಕಿಕೊಂಡು ಬಂದಳು. ಮತ್ತೆ ಕೇಳ್ಬೇಕಾ!

ಕಿತ್ತೂರಿನಾಂವ
ಸಿನಿಮಾ ನಟಿ ಆಡ್ರೆ ಹೆಪ್‌ಬರ್ನ್ ಬಿಟ್ರೆಲ್ಲ? ಆಕಿನೂ ಮದಲ ಬ್ಯಾಲೆದಾಕಿ. ಯುದ್ಧದಾಗ ಹಾಲೆಂಡಿನ್ಯಾಗ ಕಲತು, 1948ಕ್ಕ ಲಂಡನ್ನಿಗೆ ಬ್ಯಾಲೆ ಕಲಿಸೋ ಮೇರಿ ರ‍್ಯಾಂಬರ್ಟ್ ಕಡೆ ಬಂದಾಕಿ. ಇಟಲಿಯ ಶೂ ಮಾಡಾಂವ ಫೆರಗಾಮೊ ಆಕಿಗಂತನ 1954ರಾಗ ಚಪ್ಪಟೆ ಶೂ ಮಾಡ್ಯಾರ್ರಿ.

ರಬ್ಬರ್ ಚಪ್ಪಲಿ
ಬಿಟ್ಟಿಲ್ಲ ಅಣ್ಣ, ಎಲ್ಲ ನಾನೇ ಹೇಳಿದ್ರೆ ನಿಮಗೇನು ಉಳೀತದೆ.

ಬರಿಗೋಡೆ
ಒಂದು ತಕರಾರು. ಇಲ್ಲಿಯವರೆಗೆ ಎಲ್ಲರೂ “ಬಟ್ಟೆ ಇರಲಿಲ್ಲ, ಅದಕ್ಕೇ ಹೀಗಾಯಿತು” ಅನ್ನುತ್ತಿದ್ದೀರಿ. ಯುದ್ಧಾನಂತರದ ಬ್ಯಾಲೆಯಲ್ಲಿ ನಿಜವಾಗಿ ಹೊಸದಾದದ್ದು ಟುಟುವೂ ಅಲ್ಲ, ಡಿಯೋರೂ ಅಲ್ಲ. ಉಡುಪನ್ನೇ ತೆಗೆದುಹಾಕಿದ್ದು.

ಬ್ಯಾಲಂಚೀನ್ ಅವರ ‘ಫೋರ್ ಟೆಂಪರಮೆಂಟ್ಸ್’ ಮೊದಲ ಪ್ರದರ್ಶನ 1946ರ ನವೆಂಬರ್ 20. ಜಾಗ ಎಲ್ಲಿ ಗೊತ್ತೇ? ನ್ಯೂಯಾರ್ಕಿನ ಒಂದು ಹೊಲಿಗೆ ವೃತ್ತಿಯ ಹೈಸ್ಕೂಲ್, ಸೆಂಟ್ರಲ್ ಹೈಸ್ಕೂಲ್ ಆಫ್ ನೀಡಲ್ ಟ್ರೇಡ್ಸ್. ಟೈಲರಿಂಗ್ ಕಲಿಸುವ ಶಾಲೆಯ ಸಭಾಂಗಣದಲ್ಲಿ ಉಡುಪೇ ಕುಣಿತವನ್ನು ನುಂಗಿಹಾಕಿತು! ಕುರ್ಟ್ ಸೆಲಿಗ್‌ಮನ್ ಎಂಬ ಸರ್ರಿಯಲಿಸ್ಟ್ ಚಿತ್ರಕಾರ ಮಾಡಿದ ವೇಷಗಳು ಅವು, ಸುತ್ತು, ಪಟ್ಟಿ, ತಲೆಗೆ ಏನೇನೋ. ಒಳಗೆ ಮನುಷ್ಯರು ಕುಣಿಯುತ್ತಿದ್ದಾರೆ ಅಂತಲೇ ತಿಳಿಯುತ್ತಿರಲಿಲ್ಲ. 1951ರಲ್ಲಿ ಎಲ್ಲ ಕಿತ್ತೊಗೆದು ದಿನವೂ ಅಭ್ಯಾಸಕ್ಕೆ ಹಾಕುವ ಬಟ್ಟೆಯಲ್ಲೇ ಆಡಿಸಿದರು: ಹೆಣ್ಣುಮಕ್ಕಳಿಗೆ ಕಪ್ಪು ಲಿಯೊಟಾರ್ಡ್ (ಮೈಗಂಟುವ ಒಂದೇ ತುಂಡಿನ ಉಡುಪು), ಗಂಡಸರಿಗೆ ಬಿಳಿ ಅಂಗಿ, ಕಪ್ಪು ಟೈಟ್ಸ್. ಅದೇ ವರ್ಷ ‘ಕಂಚೆರ್ಟೊ ಬರೊಕ್ಕೊ’ದ ವೇಷಗಳಿಗೂ ಅದೇ ಗತಿ. 1957ರ ‘ಅಗಾನ್’ ಬರುವ ಹೊತ್ತಿಗೆ ಉಡುಪು ವಿನ್ಯಾಸಕಾರರೇ ಬೇಕಾಗಲಿಲ್ಲ. ಇದು ಕೊರತೆಯಲ್ಲ, ಆಯ್ಕೆ.

ಥೇಮ್ಸ್ ದಂಡೆ
ಆಯ್ಕೆ ಇರಬಹುದು, ಆದರೆ ಹೊಸ ಕಂಪನಿ, ಕೈಯಲ್ಲಿ ಕಾಸಿಲ್ಲ. ಕಾಸಿಲ್ಲದವನಿಗೆ ಸರಳತೆ ಬೇಗ ರುಚಿಸುತ್ತದೆ, ಅಲ್ಲವೇ?

ಬರಿಗೋಡೆ
ಕಾಸು ಇರಲಿಲ್ಲ ಅನ್ನುವುದು ಒಪ್ಪಿದೆ. ಆದರೆ ಅದೇ ಮನುಷ್ಯ 1954ರಲ್ಲಿ ‘ನಟ್‌ಕ್ರ್ಯಾಕರ್’ ಮಾಡಿದಾಗ ಕರಿನ್ಸ್ಕಾ ಕೈಯಲ್ಲಿ ರಾಶಿ ರಾಶಿ ವೇಷ ಹೊಲಿಸಿದ್ದು ಯಾಕೆ? ಬೇಕಾದಲ್ಲಿ ಸಾಲ ಮಾಡಿಯಾದರೂ ಮಾಡುತ್ತಿದ್ದರು. ಬೇಡವಾದಲ್ಲಿ ಪುಕ್ಕಟೆ ಕೊಟ್ಟರೂ ಬೇಡ.

ಸೂಜಿದಾರ
ನಡುವೆ ಬಾಯಿ ಹಾಕುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮಲ್ಲೂ ಇದೇ ಜಗಳ. ಕ್ಲಾಸಿಗೆ ಕಾಟನ್ ಸೀರೆ ಉಟ್ಟು ಬರುವ ಹುಡುಗಿಯ ಅಡವು ಎಷ್ಟು ಚೊಕ್ಕ ಕಾಣುತ್ತದೆ, ಅದೇ ಹುಡುಗಿಗೆ ನಾನು ಜರಿ ಬೀಸಣಿಗೆ ಹೊಲಿದುಕೊಟ್ಟ ಮೇಲೆ ಅರಮಂಡಿ ಕೂತದ್ದು ಸರಿಯೋ ಇಲ್ಲವೋ ಯಾರಿಗೂ ಕಾಣದು. (ತಾಯಂದಿರು ಅದಕ್ಕೇ ದುಡ್ಡು ಕೊಡುವುದು ಅಂತ ನನ್ನ ಯಜಮಾನರು ಹೇಳುತ್ತಾರೆ.) ಆದರೆ ಬರಿಗೋಡೆ ಅವರೇ, ಮೈಗೆ ಅಂಟುವ ಬಟ್ಟೆಯೇ ಇಲ್ಲದಿದ್ದರೆ ಅಷ್ಟು ಬರಿಯಾಗಿ ನಿಲ್ಲಿಸಲು ಆಗುತ್ತಿತ್ತೇ? ಸಡಿಲ ಟೈಟ್ಸ್ ಮಂಡಿಯಲ್ಲಿ ಜೋಲುತ್ತಿದ್ದರೆ ಯಾವ ಸರಳತೆ?

ರೇಷ್ಮೆಗೂಡು
ಅಕ್ಕ, ಸರಿಯಾದ ಕಡೆ ಗುಂಡಿ ಹೊಲಿದಿರಿ. ನಾನು ರಾಮನಗರದವನು, ನೂಲಿನ ಕಡೆಯಿಂದ ಹೇಳುತ್ತೇನೆ.

ಹಿಂದೆ ಟೈಟ್ಸ್ ಅಂದರೆ ರೇಷ್ಮೆ ಇಲ್ಲವೇ ಹತ್ತಿ. ಎರಡೂ ಒಮ್ಮೆ ಹಿಗ್ಗಿದರೆ ಹಿಂದಕ್ಕೆ ಬರುವ ಜಾತಿಯಲ್ಲ. ಮಂಡಿ, ಹಿಮ್ಮಡಿ ಹತ್ತಿರ ಸುಕ್ಕು ಖಂಡಿತ. ಅದಕ್ಕೆ ಡಾನ್ಸರ್‌ಗಳು ಸೊಂಟದ ಅಂಚಿನಲ್ಲಿ ಒಂದು ನಾಣ್ಯ ಇಟ್ಟು, ಬಟ್ಟೆಯನ್ನು ಅದರ ಸುತ್ತ ತಿರುಚಿ ಬಿಗಿದು ಲಾಡಿ ಕಟ್ಟಿಕೊಳ್ಳುತ್ತಿದ್ದರು. ಹಳೇ ಡಾನ್ಸರ್‌ಗಳ ನೆನಪುಗಳಲ್ಲಿ ಈ ನಾಣ್ಯದ ಮಾತು ಬರುತ್ತಲೇ ಇರುತ್ತದೆ.

ಡುಪಾಂಟ್ ಕಂಪನಿಯ ನೈಲಾನ್ ಕಾಲುಚೀಲ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದದ್ದು 1940ರ ಮೇ 15ರಂದು. ಯುದ್ಧ ಬಂದದ್ದೇ ತಡ, ನೈಲಾನ್ ಎಲ್ಲ ಪ್ಯಾರಾಚೂಟಿಗೆ, ಹಗ್ಗಕ್ಕೆ ಹೋಯಿತು. ರೇಷ್ಮೆಯೂ ಅಷ್ಟೇ. ಜಪಾನಿನ ರೇಷ್ಮೆ ನಿಂತುಹೋದ ಆ ದಿನಗಳಲ್ಲಿ ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ಪ್ಯಾರಾಚೂಟಿನ ದೆಸೆಯಿಂದ ಬೇಡಿಕೆ ಏರಿತು. ಯುದ್ಧ ಮುಗಿದು ನೈಲಾನ್ ಅಂಗಡಿಗೆ ಬಂದಾಗ ನೂಕುನುಗ್ಗಲು ನೋಡಬೇಕಿತ್ತು: 1946ರ ಜೂನಿನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ 13,000 ಜೊತೆ ಕಾಲುಚೀಲಕ್ಕೆ ಸುಮಾರು 40,000 ಜನ ಸಾಲು ನಿಂತಿದ್ದರು.

ನೈಲಾನ್ ಎರಡು ಕೆಲಸ ಮಾಡಿತು. ಹಿಗ್ಗಿ ಕುಗ್ಗುವ ಹಾಗೆ ಮಾಡಿದ ನೈಲಾನ್ ನೂಲು 50ರ ದಶಕದಲ್ಲಿ ಟೈಟ್ಸ್‌ಗೆ ಬಂತು, ಮಂಡಿಯ ಸುಕ್ಕು ಹೋಯಿತು. ಇನ್ನೊಂದು ನೆಟ್. ಮೊದಲು ಟುಟು ಹೊಲಿಯುತ್ತಿದ್ದದ್ದು ಟಾರ್ಲಟನ್ ಅನ್ನುವ ಗಂಜಿ ಹಾಕಿದ ತೆಳು ಹತ್ತಿ ಬಟ್ಟೆಯಲ್ಲಿ. ಬೆವರು, ತೇವ ತಾಕಿದರೆ ಗಂಜಿ ಹೋಗಿ ಸೋತು ಬೀಳುತ್ತದೆ. ನೈಲಾನ್ ನೆಟ್‌ಗೆ ಆ ಚಿಂತೆ ಇಲ್ಲ. ಆಮೇಲೆ 1958ರಲ್ಲಿ ಅದೇ ಡುಪಾಂಟಿನ ಜೋಸೆಫ್ ಶಿವರ್ಸ್ ಸ್ಪ್ಯಾಂಡೆಕ್ಸ್ ಕಂಡುಹಿಡಿದರು. ಅದೇ ಲೈಕ್ರಾ. ಈಗ ಯೋಗದ ಪ್ಯಾಂಟಿನಿಂದ ಹಿಡಿದು ನಮ್ಮ ರೆಡಿಮೇಡ್ ಬ್ಲೌಸಿನ ತನಕ ಎಲ್ಲದರಲ್ಲೂ ಇದೆ.

ಬರಿಗೋಡೆ
ಒಪ್ಪಿದೆ. ಮನಸ್ಸು ಬ್ಯಾಲಂಚೀನ್‌ದು, ಮಂಡಿ ಡುಪಾಂಟಿನದು ಅನ್ನೋಣ. ಆದರೂ 1951ಕ್ಕೆ ಲೈಕ್ರಾ ಇರಲಿಲ್ಲ ಅನ್ನುವುದನ್ನು ದಾಖಲಿಸುತ್ತೇನೆ.

ಎಡಿಸನ್ ಅಮ್ಮ
ಓದುತ್ತಾ ಓದುತ್ತಾ ಅನ್ನ ಸೀದುಹೋಯಿತು. ನ್ಯೂಜೆರ್ಸಿಯಲ್ಲಿ ನನ್ನ ಮಗಳು ಬ್ಯಾಲೆ ಕಲಿಯುತ್ತಾಳೆ. ಮೊದಲ ದಿನ ಕೊಟ್ಟ ಪಟ್ಟಿಯಲ್ಲಿ ಗುಲಾಬಿ ಟೈಟ್ಸ್, ಗುಲಾಬಿ ಶೂ ಅಂತಿತ್ತು. ತಂದು ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡು ಮಗಳು, “ಅಮ್ಮ, ನನ್ನ ಕಾಲು ಬೇರೆ ಯಾರದ್ದೋ ಥರ ಇದೆ” ಅಂದಳು. ಅವಳದು ನನ್ನದೇ ಬಣ್ಣ, ಒಳ್ಳೇ ಬೆಲ್ಲದ ಬಣ್ಣ. ಏನು ಹೇಳಲಿ? ಬಿಳಿಯರ ಚರ್ಮಕ್ಕೆ ಹೊಂದಿಸಿ ಇಟ್ಟ ಬಣ್ಣ ಅದು ಅಂತ ಆಮೇಲೆ ತಿಳಿಯಿತು.

‘ಅಗಾನ್’ ವಿಷಯ ಬಂತಲ್ಲ, ಅದರಲ್ಲಿ ಡಯಾನಾ ಆಡಮ್ಸ್ ಜೊತೆ ಕುಣಿದ ಆರ್ಥರ್ ಮಿಚೆಲ್ ಕಪ್ಪು ಜನಾಂಗದವರು. ಬಿಳಿ ಹುಡುಗಿ, ಕಪ್ಪು ಹುಡುಗ, ಇಬ್ಬರ ಮೇಲೂ ಅಲಂಕಾರವೇ ಇಲ್ಲ. 1957ರ ಅಮೆರಿಕದಲ್ಲಿ ಅದು ಸಣ್ಣ ಮಾತಲ್ಲ. ಅದೇ ಮಿಚೆಲ್ 1969ರಲ್ಲಿ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಕಟ್ಟಿದರು. 70ರ ದಶಕದಲ್ಲಿ ಅಲ್ಲಿನ ಹುಡುಗಿಯರು ಗುಲಾಬಿ ಬಿಟ್ಟು ತಮ್ಮ ತಮ್ಮ ಮೈಬಣ್ಣದ ಟೈಟ್ಸ್, ಶೂ ತೊಡಲು ಶುರು ಮಾಡಿದರು. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ತಾವೇ ಬಣ್ಣ ಹಚ್ಚಿಕೊಳ್ಳುತ್ತಿದ್ದರು. 1929ರಿಂದ ಪಾಯಿಂಟ್ ಶೂ (ಬೆರಳ ತುದಿಯಲ್ಲಿ ನಿಂತು ಕುಣಿಯುವ ಗಟ್ಟಿ ತುದಿಯ ಶೂ) ಮಾಡುತ್ತಿರುವ ಲಂಡನ್ನಿನ ಫ್ರೀಡ್ ಕಂಪನಿ, ಕಪ್ಪು ಮತ್ತು ಏಷ್ಯನ್ ಡಾನ್ಸರ್‌ಗಳ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣದ ಶೂ ತಂದದ್ದು 2018ರಲ್ಲಿ! ನೈಲಾನ್ ಬಂತು, ಲೈಕ್ರಾ ಬಂತು, ಒಂದು ಡಬ್ಬಿ ಬಣ್ಣ ಬರಲು ಇಷ್ಟು ವರ್ಷ ಬೇಕಾಯಿತು ನೋಡಿ.

ಮಗಳ ಕ್ಲಾಸಿನಲ್ಲಿ ಈಗ ಮೈಬಣ್ಣದ ಟೈಟ್ಸ್‌ಗೂ ಒಪ್ಪುತ್ತಾರೆ. ಕೇಳಬೇಕು ಅಷ್ಟೆ. ನಾನು ಮೊದಲ ವರ್ಷ ಕೇಳಲೇ ಇಲ್ಲ.

ಸೂಜಿದಾರ
ಬೆಲ್ಲದ ಬಣ್ಣ! ನನ್ನ ಅಕ್ಕನ ಮಗಳಿಗೂ ಓದಿ ಹೇಳಿದೆ. ಅವಳು ಈಗಲೂ ಶೂಗೆ ಮೇಕಪ್ಪಿನ ಫೌಂಡೇಶನ್ ಬಳಿದುಕೊಳ್ಳುತ್ತಾಳಂತೆ. ಒಂದು ಜೊತೆಗೆ ಒಂದು ಬಾಟಲಿ.

ಹಳೇಪೇಟೆ ಮೇಷ್ಟ್ರು
ಬೆಂಗಳೂರಿನವನಾಗಿ ಒಂದು ಹೆಸರು ಸೇರಿಸದಿದ್ದರೆ ನಿದ್ದೆ ಬಾರದು. ನಮ್ಮೂರಲ್ಲೇ 1912ರಲ್ಲಿ ಹುಟ್ಟಿದ ರಾಮ್ ಗೋಪಾಲ್. ಕಥಕ್ಕಳಿ, ಭರತನಾಟ್ಯ ಕಲಿತು ಯುದ್ಧಕ್ಕೆ ಮೊದಲೂ ಆಮೇಲೂ ಲಂಡನ್ನನ್ನು ಮರುಳು ಮಾಡಿದವರು. ಅವರ ಕಿರೀಟ, ಆಭರಣ, ಬರಿಮೈಯ ಮೇಲಿನ ಹೊಳಪು, ಇದನ್ನೆಲ್ಲ ನೋಡಲೆಂದೇ ಜನ ಬರುತ್ತಿದ್ದರು. 1960ರಲ್ಲಿ ಬ್ರಿಟಿಷ್ ಬ್ಯಾಲೆರೀನಾ ಅಲಿಸಿಯಾ ಮಾರ್ಕೊವಾ ಅವರೊಂದಿಗೆ ರಾಧಾ–ಕೃಷ್ಣ ಆಡಿದರು. ಅತ್ತ ನ್ಯೂಯಾರ್ಕಿನವರು ವೇಷ ಕಳಚುತ್ತಿದ್ದಾಗ ಇತ್ತ ಬ್ಯಾಲೆರೀನಾ ಒಬ್ಬಳು ರಾಧೆಯಾಗಿ ಸಿಂಗರಿಸಿಕೊಳ್ಳುತ್ತಿದ್ದಳು. ಬರಿಗೋಡೆಯವರು ಇದಕ್ಕೂ ತಕರಾರು ತೆಗೆಯುವುದಾದರೆ ನಾಳೆ ತೆಗೆಯಲಿ.

ಬರಿಗೋಡೆ
ಮೇಷ್ಟ್ರ ಮುಂದೆ ನಾನು ಬಾಯಿ ಬಿಡುವುದಿಲ್ಲ.

ರಬ್ಬರ್ ಚಪ್ಪಲಿ
ಸೂಜಿದಾರಕ್ಕ, ಟುಟು ಏನಾಯ್ತು?

ಸೂಜಿದಾರ
ಮುಗಿಯಿತು. ಕಿತ್ತುಹೋದ ಎರಡು ಪದರಕ್ಕೆ ಚಿಕ್ಕಪೇಟೆಯ ನೆಟ್ ಹಾಕಿದೆ, ಬಣ್ಣ ಒಂದು ಕೂದಲೆಳೆ ವ್ಯತ್ಯಾಸ, ಕೆಳಗಿನ ಪದರವಾದ್ದರಿಂದ ಕಾಣದು. ಕಚ್ಚಾ ಹೊಲಿಗೆ ಸಡಿಲವಾಗಿಯೇ ಬಿಟ್ಟಿದ್ದೇನೆ, ಮೇಷ್ಟ್ರ ಮಾತು ಮೀರಿಲ್ಲ. ಒಳಗೆ ಪಟ್ಟಿಯ ಮೇಲೆ ಮೂವರು ಹುಡುಗಿಯರ ಹೆಸರು ಇಂಕಿನಲ್ಲಿ ಬರೆದಿತ್ತು, ಒಂದರ ಕೆಳಗೊಂದು. ನಾಲ್ಕನೆಯದಾಗಿ ನಮ್ಮವಳ ಹೆಸರು ನಾನೇ ಬರೆದೆ, ಕನ್ನಡದಲ್ಲಿ.

ಇದನ್ನು ತಲೆಕೆಳಗಾಗಿ ನೇತುಹಾಕಬೇಕಂತೆ, ಇಲ್ಲದಿದ್ದರೆ ನೆಟ್ ಜೋತುಬೀಳುತ್ತದಂತೆ. ಹಾಗಾಗಿ ನಡುಮನೆಯ ಫ್ಯಾನ್ ಕೊಕ್ಕೆಗೆ ಚಡ್ಡಿ ಮೇಲೆ ಮಾಡಿ ನೇತುಹಾಕಿದ್ದೇನೆ. ಅತ್ತೆ ಬೆಳಿಗ್ಗೆಯಿಂದ ಆ ಕೋಣೆಗೆ ಕಾಲಿಟ್ಟಿಲ್ಲ.